ವೀಸಾ ಕೈಗೆ ಬರುವ ಮೊದಲು



ರಮಝಾನ್ ಹಬ್ಬ ಕಳೆದು ಹದಿನೈದು ದಿನವಾಗಿರಬಹುದು. ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಐದು ವರ್ಷದ ಮಗನ ಕೈ ಹಿಡಿದುಕೊಂಡು ಮನೆಗೆ ಬಂದಳು. ಮುಖದ ತುಂಬ ನಗು. "ಟೀಚರ್, ಅವರು ನಮ್ಮನ್ನು ಮಸ್ಕತ್‌ಗೆ ಕರೆಸಿಕೊಳ್ಳುತ್ತಾರಂತೆ. ದುಬೈಯಷ್ಟು ಖರ್ಚು ಅಲ್ಲಿಲ್ಲವಂತೆ. ವರ್ಷವಿಡೀ ಬಿಸಿಲಂತೆ, ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತದಂತೆ!" ಎಂದಳು. ಮಳೆಗಾಲದಲ್ಲಿ ಮೂರು ದಿನವಾದರೂ ಬಟ್ಟೆ ಒಣಗದ ನಮ್ಮ ಕರಾವಳಿಯ ಹೆಣ್ಣಿಗೆ ಅದೇನು ಸಣ್ಣ ಸುಖವೇ!

ಅವಳ ಮದುವೆಯಾಗಿ ಏಳು ವರ್ಷ. ಗಂಡನ ರಜೆಯ ದಿನಗಳನ್ನೆಲ್ಲ ಕೂಡಿಸಿದರೆ ಅವರು ಜೊತೆಯಾಗಿ ಬಾಳಿದ್ದು ಹತ್ತು ತಿಂಗಳು ಮಾತ್ರ. ಮಗು ತಂದೆಯನ್ನು ಗುರುತಿಸುವುದು ಮೊಬೈಲಿನ ಪರದೆಯಲ್ಲಿ. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ "ಅವನ ಸಂಬಳ ಎಷ್ಟಮ್ಮಾ?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. "ಗೊತ್ತಿಲ್ಲ ಟೀಚರ್. ಕೇಳಿದರೆ ಅವರು ತಪ್ಪು ತಿಳಿದಾರೆಂದು ಭಯ."

ಸಹೋದರಿಯರೇ, ನಮ್ಮಲ್ಲಿ ಎಷ್ಟು ಮಂದಿಯ ಸ್ಥಿತಿ ಇದೇ ಅಲ್ಲವೇ? ಪೆಟ್ಟಿಗೆ ಕಟ್ಟುವಾಗ ಉಪ್ಪಿನಕಾಯಿ, ಮೀನಿನ ಮಸಾಲೆ, ಹಪ್ಪಳ ಎಲ್ಲವನ್ನೂ ನೆನಪಿಟ್ಟು ತುಂಬಿಸುತ್ತೇವೆ. ಲೆಕ್ಕ ಮತ್ತು ಕಾಗದಪತ್ರ ಮಾತ್ರ ಗಂಡಸರ ಕೆಲಸವೆಂದು ಬಿಟ್ಟುಬಿಡುತ್ತೇವೆ. ಹೋಗಿ ಬದುಕಬೇಕಾದವರು ನಾವೂ ಅಲ್ಲವೇ?

"ಮೊದಲು ಕೇಳು. ಜಗಳಕ್ಕಲ್ಲ, ಜೊತೆಗೆ ಕೂತು ಲೆಕ್ಕ ಬರೆಯಲು" ಎಂದು ಹೇಳಿ ಕಳುಹಿಸಿದೆ. ಒಂದು ವಾರದ ನಂತರ ಅವಳು ಪುಸ್ತಕದ ಹಾಳೆಯೊಂದನ್ನು ಹಿಡಿದು ಬಂದಳು. ಗಂಡನ ಸಂಬಳ 320 ರಿಯಾಲ್. ಎರಡು ಕೋಣೆಯ ಮನೆಗೆ ಬಾಡಿಗೆ 140. ಸೆಕೆಗಾಲದ ವಿದ್ಯುತ್ ಮತ್ತು ನೀರಿಗೆ 25. ಮಗನ ಶಾಲಾ ಫೀಸು 40, ಶಾಲೆಯ ವಾಹನಕ್ಕೆ 15. ದಿನಸಿ, ಮೀನು, ತರಕಾರಿಗೆ 70. ಫೋನು, ಇಂಟರ್‌ನೆಟ್‌ಗೆ 20. ಒಟ್ಟು 310. ಉಳಿಯುವುದು ಹತ್ತೇ ರಿಯಾಲ್! ಇದುವರೆಗೆ ಗಂಡ ನಾಲ್ವರ ಜೊತೆ ಒಂದೇ ಕೋಣೆಯಲ್ಲಿದ್ದು ತಿಂಗಳಿಗೆ 200 ರಿಯಾಲ್ ಊರಿಗೆ ಕಳುಹಿಸುತ್ತಿದ್ದ. ಅತ್ತೆಯ ಔಷಧ, ಮನೆ ಸಾಲದ ಕಂತು ಎಲ್ಲ ನಡೆಯುತ್ತಿದ್ದುದು ಅದರಲ್ಲೇ. ಹಾಳೆಯನ್ನು ನನ್ನ ಮುಂದಿಟ್ಟು ಅವಳು ಸುಮ್ಮನೆ ಕೂತಳು.

ಒಮಾನ್‌ನಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ಮೊದಲು ಕನಿಷ್ಠ 350 ರಿಯಾಲ್ ಸಂಬಳ ಬೇಕಿತ್ತು. 2023ರಲ್ಲಿ ಆ ಮಿತಿಯನ್ನು 150ಕ್ಕೆ ಇಳಿಸಿದರು. ಅಲ್ಲಿಂದ ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳಿಗೆ ಆಸೆ ಹುಟ್ಟಿದೆ. ಆಸೆ ತಪ್ಪಲ್ಲ. ಆದರೆ ಸರಕಾರ ಕೊಡುವುದು ಅನುಮತಿ ಮಾತ್ರ, ಬಾಡಿಗೆ ಕೊಡುವುದು ನಾವೇ ಎಂಬುದನ್ನು ಮರೆಯಬಾರದು.

ಒಮಾನಿನ ಹಣದ ಬಗ್ಗೆಯೂ ಒಂದು ಮಾತು. ಅಲ್ಲಿ ಒಂದು ರಿಯಾಲ್‌ಗೆ ಸಾವಿರ ಬೈಸೆ. 1986ರಿಂದಲೂ ಒಂದು ರಿಯಾಲ್‌ನ ಬೆಲೆ ಎರಡೂವರೆ ಡಾಲರ್‌ಗಿಂತ ಸ್ವಲ್ಪ ಹೆಚ್ಚು ಎಂದೇ ನಿಂತಿದೆ. ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿಗೂ ಮೇಲೆ. ನಾನು 2009ರಲ್ಲಿ ಮಸ್ಕತ್‌ನ ರೂವಿಗೆ ಹೋದ ಹೊಸತರಲ್ಲಿ "ಒಂದೇ ರಿಯಾಲ್ ತಾನೇ" ಎನ್ನುತ್ತಾ ಕೊಳ್ಳುತ್ತಿದ್ದೆ. ತಿಂಗಳ ಕೊನೆಯಲ್ಲಿ ನನ್ನವರು ಚೀಟಿಗಳನ್ನೆಲ್ಲ ಜೋಡಿಸಿ ಕೂಡಿಸಿದಾಗ ಕಣ್ಣು ತೆರೆಯಿತು. ಚಿಕ್ಕ ಸಂಖ್ಯೆ ದೊಡ್ಡ ಹಣವನ್ನು ಮರೆಮಾಡುತ್ತದೆ.

ಹೌದು, ನಾನು ಕೂಡ ಹೋದವಳೇ. ಆ ಕಾರಣಕ್ಕೇ ಇಷ್ಟು ಹೇಳುತ್ತಿದ್ದೇನೆ. 2011ರಲ್ಲಿ ಎರಡನೆಯ ಹೆರಿಗೆಗೆ ಊರಿಗೆ ಬಂದೆ. ಬಾಣಂತನ ಮುಗಿಯಿತು. ಮಗುವಿಗೆ ಇನ್ನೂ ಸ್ವಲ್ಪ ಬಲ ಬರಲಿ ಎಂದು ಉಮ್ಮ ಹೇಳಿದರು. ನನಗೂ ಉಮ್ಮನ ಮಡಿಲು ಬಿಡಲು ಮನಸ್ಸಿರಲಿಲ್ಲ. ಹೀಗೆ ಏಳು ತಿಂಗಳಾಯಿತು. ಆರು ತಿಂಗಳು ಮೀರಿ ಹೊರಗಿದ್ದರೆ ವೀಸಾ ಬಿದ್ದುಹೋಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಗೊತ್ತು ಮಾಡಿಕೊಳ್ಳುವ ಪ್ರಯತ್ನವನ್ನೂ ನಾನು ಮಾಡಿರಲಿಲ್ಲ. ಹೊಸದಾಗಿ ಅರ್ಜಿ ಹಾಕಿ ವೀಸಾ ಬರಲು ಮತ್ತೆ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ದೊಡ್ಡ ಮಗನ ಶಾಲೆಯ ಸೀಟು ಕೈತಪ್ಪಿತ್ತು. ಬಿ.ಎ. ಓದಿದವಳು ಎಂಬ ಹೆಮ್ಮೆಯಿದ್ದ ನನಗೆ ಅದು ಒಳ್ಳೆಯ ಪಾಠವಾಯಿತು.

ಹೊರಡುವವರು ಮೊದಲು ನೋಡಬೇಕಾದುದು ಕಾಗದಪತ್ರ. ಜಮಾಅತ್ ಕೊಡುವ ನಿಕಾಹ್ ಪತ್ರ ಒಂದೇ ಸಾಲದು. ವಿವಾಹ ನೋಂದಣಿ ಕಚೇರಿಯಲ್ಲಿ ಮದುವೆಯನ್ನು ನೋಂದಾಯಿಸಿ ಪ್ರಮಾಣಪತ್ರ ಪಡೆಯಿರಿ. ಅದಕ್ಕೆ ರಾಜ್ಯ ಸರಕಾರದ ದೃಢೀಕರಣ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೇಕು. ಈ ಮುದ್ರೆಯನ್ನು ಒಪ್ಪುವ ದೇಶಗಳ ಒಪ್ಪಂದಕ್ಕೆ ಒಮಾನ್ 2012ರಲ್ಲಿ, ಸೌದಿ ಅರೇಬಿಯಾ 2022ರಲ್ಲಿ ಸೇರಿವೆ. ಸೇರದ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗುತ್ತದೆ. ಮಕ್ಕಳ ಜನನ ಪ್ರಮಾಣಪತ್ರಕ್ಕೂ ಇದೇ ದಾರಿ. ಮುಖ್ಯವಾಗಿ, ಪಾಸ್‌ಪೋರ್ಟ್, ವಿವಾಹ ಪತ್ರ, ಮಗುವಿನ ಪತ್ರ ಈ ಮೂರರಲ್ಲೂ ನಿಮ್ಮ ಹೆಸರಿನ ಅಕ್ಷರಗಳು ಒಂದೇ ಆಗಿರಲಿ. ಒಂದರಲ್ಲಿ 'ಫಾತಿಮಾ', ಇನ್ನೊಂದರಲ್ಲಿ 'ಫಾತಿಮತ್' ಎಂದಿದ್ದರೆ ತಿಂಗಳುಗಟ್ಟಲೆ ಅಲೆಯಬೇಕಾದೀತು. ನಮ್ಮ ಹೆಂಗಸರಲ್ಲಿ ಅನೇಕರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನವರಿಗೆ ಭೇಟಿ ವೀಸಾ ಕೊಡುವುದಿಲ್ಲವೆಂದಾಗ ಎಷ್ಟು ಗೊಂದಲವಾಯಿತು ಎಂಬುದು ನಿಮಗೆ ನೆನಪಿರಬಹುದು.

ಇನ್ನು ಬಿಸಿಲಿನ ವಿಷಯ. ಅಲ್ಲಿಯ ಬಿಸಿಲು ನಮ್ಮ ಅಂಗಳದ ಬಿಸಿಲಲ್ಲ. ಮಸ್ಕತ್‌ನಲ್ಲಿ ಮೇ, ಜೂನ್ ತಿಂಗಳ ಸೆಕೆ ನಲವತ್ತು ಡಿಗ್ರಿ ದಾಟುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹನ್ನೆರಡೂವರೆಯಿಂದ ಮೂರೂವರೆ ಗಂಟೆಯ ತನಕ ಬಯಲಿನಲ್ಲಿ ಕೂಲಿ ಮಾಡಿಸುವುದನ್ನು ಸರಕಾರವೇ ನಿಷೇಧಿಸಿದೆ. ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುವುದು ನಿಜ, ಆದರೆ ಹಗಲಿಡೀ ಮಕ್ಕಳನ್ನು ಎ.ಸಿ. ಕೋಣೆಯಲ್ಲೇ ಕೂರಿಸಬೇಕಾಗುತ್ತದೆ. ದಕ್ಷಿಣದ ಸಲಾಲ ಮಾತ್ರ ಬೇರೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಜಿನುಗು ಮಳೆ, ಮಂಜು. ತೆಂಗು, ಬಾಳೆಯ ತೋಟ ಕಂಡಾಗ ಊರಿನ ನೆನಪಾಗಿ ಕಣ್ಣು ತುಂಬುತ್ತದೆ. ಸಾಧ್ಯವಿದ್ದರೆ ಮೊದಲು ಭೇಟಿ ವೀಸಾದಲ್ಲಿ ಒಂದು ತಿಂಗಳು ಹೋಗಿ ನೋಡಿ. ಅದೂ ಹಿತವಾದ ಡಿಸೆಂಬರ್‌ನಲ್ಲಲ್ಲ, ಸೆಕೆಯ ತಿಂಗಳಿನಲ್ಲಿ.

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅಲ್ಲಿ ನಿಮ್ಮ ಮತ್ತು ಮಕ್ಕಳ ವಾಸ ನಿಂತಿರುವುದು ಗಂಡನ ಕೆಲಸದ ಮೇಲೆ. ಕೆಲಸ ಹೋದರೆ ಮನೆಯೂ ಹೋಯಿತು. ತನ್ನ ಪ್ರಜೆಗಳಿಗೆ ಉದ್ಯೋಗ ಕೊಡಬೇಕೆಂದು 2018ರಲ್ಲಿ ಒಮಾನ್ 87 ಬಗೆಯ ಕೆಲಸಗಳಿಗೆ ವಿದೇಶೀಯರ ಹೊಸ ವೀಸಾವನ್ನು ತಡೆಹಿಡಿದಿತ್ತು. ತನ್ನ ಜನರ ಹಿತ ನೋಡುವುದು ಆ ದೇಶದ ಹಕ್ಕು. ನಮ್ಮ ಮನೆಯ ಹಿತ ನೋಡುವುದು ನಮ್ಮ ಹೊಣೆ. ಸೌದಿಯಲ್ಲಿ 2017ರ ಜುಲೈಯಲ್ಲಿ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. 2020ರ ಹೊತ್ತಿಗೆ ಅದು 400 ಆಯಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಮತ್ತೆ ಒಂಟಿಯಾದ ಗಂಡಸರು ಎಷ್ಟೋ ಮಂದಿ. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಬಂದ ಮೊದಲ ವಿಶೇಷ ವಿಮಾನದ ಸುದ್ದಿಯನ್ನು ನಾವೆಲ್ಲ ಕಾತರದಿಂದ ನೋಡಿದ್ದೆವು. ಆ ದಿನಗಳಲ್ಲಿ ಕೆಲಸ ಕಳೆದುಕೊಂಡು ಬಂದವರಲ್ಲಿ ನಮ್ಮ ನೆರೆಹೊರೆಯವರೂ ಇದ್ದರು.

ಆದುದರಿಂದ ಹೋಗುವ ದಾರಿಯ ಜೊತೆಗೇ ಮರಳುವ ದಾರಿಯನ್ನೂ ಸಿದ್ಧಮಾಡಿಟ್ಟುಕೊಳ್ಳಿ. ಆರು ತಿಂಗಳ ಖರ್ಚಿನಷ್ಟು ಹಣ ಊರಿನ ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲೂ ಇರಲಿ. ಹೊರಡುವ ಖರ್ಚಿಗೆಂದು ಮಹ್ರ್‌ನ ಚಿನ್ನವನ್ನು ಪೂರ್ತಿ ಮಾರಬೇಡಿ. ಅದು ನಿಮ್ಮ ಹಕ್ಕಿನ ಸೊತ್ತು, ಕಷ್ಟಕಾಲದ ಆಸರೆ. ಅತ್ತೆಯನ್ನು ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಎಂಬುದು ಹೊರಡುವ ಮೊದಲೇ ನಿರ್ಧಾರವಾಗಲಿ. ಅಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಲು ಮರೆಯದಿರಿ.

ಮಕ್ಕಳ ಕನ್ನಡವನ್ನೂ ಮರೆಯಬೇಡಿ. 2015ರಲ್ಲಿ ನನ್ನವರ ಕೆಲಸ ಮುಗಿದು ನಾವು ಊರಿಗೆ ಮರಳಿದಾಗ ದೊಡ್ಡ ಮಗ ಮೂರನೆಯ ತರಗತಿಯಲ್ಲಿದ್ದ. ಹಿಂದಿ, ಅರಬಿ ಓದುತ್ತಿದ್ದ. ಕನ್ನಡದ 'ಅ' ಬರೆಯಲು ಬರುತ್ತಿರಲಿಲ್ಲ. ಟೀಚರ್‌ಳ ಮಗ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಅಳುತ್ತಿದ್ದ. ಈಗ ನಮ್ಮ ರಾಜ್ಯದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಕನ್ನಡ ಕಲಿಯಬೇಕೆಂಬ 2015ರ ಕಾಯ್ದೆ ಇದೆ. ದಿನಕ್ಕೆ ಅರ್ಧ ಗಂಟೆ ತಾಯಿ ಕಲಿಸಿದರೆ ಸಾಕು, ಮರಳಿದ ಮಗು ತನ್ನದೇ ಊರಿನಲ್ಲಿ ಪರದೇಶಿಯಾಗುವುದಿಲ್ಲ.

ನನ್ನ ಆ ವಿದ್ಯಾರ್ಥಿನಿ ಏನು ಮಾಡಿದಳೆಂದು ಕೇಳುತ್ತೀರಾ? ಹಾಳೆಯನ್ನು ಗಂಡನಿಗೆ ಓದಿ ಹೇಳಿದಳಂತೆ. ಅವನು ಬಹಳ ಹೊತ್ತು ಮಾತಾಡಲಿಲ್ಲವಂತೆ. ಕೊನೆಗೆ "ಇಷ್ಟು ವರ್ಷ ಈ ಲೆಕ್ಕವನ್ನು ನಾನೊಬ್ಬನೇ ಹೊತ್ತಿದ್ದೆ" ಎಂದನಂತೆ. ಮನೆ ಸಾಲ ಮುಗಿಯಲು ಇನ್ನು ಹತ್ತು ತಿಂಗಳಿದೆ. ಅದು ಮುಗಿದ ಮೇಲೆ, ಶಾಲಾ ವರ್ಷ ಆರಂಭವಾಗುವ ಏಪ್ರಿಲ್‌ಗೆ ಹೋಗುವುದೆಂದು ಇಬ್ಬರೂ ಸೇರಿ ನಿರ್ಧರಿಸಿದ್ದಾರೆ. ಅಷ್ಟರಲ್ಲಿ ಅವಳು ಮದುವೆ ನೋಂದಣಿ ಮಾಡಿಸಿದ್ದಾಳೆ, ತನ್ನ ಹೆಸರಿನಲ್ಲಿ ಖಾತೆ ತೆರೆದಿದ್ದಾಳೆ. ಮೊನ್ನೆ ಫೋನ್ ಮಾಡಿ, "ಟೀಚರ್, ಒಂದನೆಯ ತರಗತಿಯ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ?" ಎಂದು ಕೇಳಿದಳು.

ಸಹೋದರಿಯರೇ, ದಂಪತಿಗಳು ಒಂದೇ ಸೂರಿನಡಿ ಬಾಳುವುದು ದೊಡ್ಡ ಅನುಗ್ರಹ. ಅದಕ್ಕಾಗಿ ಹೊರಡಿ, ಸಂತೋಷದಿಂದ ಹೊರಡಿ. ಆದರೆ ಈ ರಾತ್ರಿ ಫೋನಿನಲ್ಲಿ ಕ್ಷೇಮಸಮಾಚಾರ ಮುಗಿದ ಮೇಲೆ, ಕೈಯಲ್ಲೊಂದು ಪೆನ್ನು ಹಿಡಿದು ಮೆಲ್ಲಗೆ ಕೇಳಿ: "ನಮ್ಮ ಲೆಕ್ಕವನ್ನು ಒಮ್ಮೆ ಜೊತೆಯಾಗಿ ಬರೆಯೋಣವೇ?"