ಮೊದಲ ಆಲ್ಬಮ್ಮಿನ ಮೇಲೆ ಯಾರ ಹೆಸರು?

'ಜರ್ಮನಿಸ್ತಾನ್' ಅಂತ ಒಂದು ಆಲ್ಬಮ್ ಇದೆ. 1982ರದು. ಭೂಪಟದಲ್ಲಿ ಹುಡುಕಬೇಡಿ, ಅಂಥ ದೇಶ ಇಲ್ಲ. ಜರ್ಮನಿಯ 'ಡಿಸಿಡೆಂಟನ್' ಅನ್ನೋ ಬ್ಯಾಂಡಿನ ಮೊಟ್ಟಮೊದಲ ಆಲ್ಬಮ್ ಅದು. ಸಿಂಥಸೈಜರ್, ಬಾಸ್ ಗಿಟಾರ್, ಡ್ರಮ್ಸ್, ಕೊಳಲು ಒಂದು ಕಡೆ. ಇನ್ನೊಂದು ಕಡೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಹೌದು, ನಮ್ಮದೇ ಬೆಂಗಳೂರು. ಆಲ್ಬಮ್ ಹೊರಬಂದಿದ್ದೂ ಎರಡೂ ಹೆಸರಲ್ಲಿ.

ಈ ವಾರ ಇದನ್ನ ಬರೆಯೋಕೆ ಕಾರಣ ಸಿರುಗುಪ್ಪದ ನನ್ನ ಗೆಳೆಯ. ಹಗಲು ನನ್ನ ಹಾಗೇ ಕೋಡ್ ಬರೀತಾನೆ, ರಾತ್ರಿ ಲ್ಯಾಪ್‌ಟಾಪಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡ್ತಾನೆ. ಅವನ ಮೊದಲ ಆಲ್ಬಮ್ ಈಗ ಮುಕ್ಕಾಲು ಮುಗಿದಿದೆ. ಬಳ್ಳಾರಿಯ ಜೀನ್ಸ್ ಹೊಲಿಯೋ ಮಷಿನ್‌ಗಳ ಸದ್ದು, ಸಿರುಗುಪ್ಪದ ರೈಸ್ ಮಿಲ್ಲಿನ ಬೆಲ್ಟ್ ಸದ್ದು, ಎಲ್ಲಕ್ಕಿಂತ ಮುಖ್ಯವಾಗಿ ಕುರುಗೋಡಿನ ದೊಡ್ಡಬಸವೇಶ್ವರ ತೇರಿನ ಹೊತ್ತಲ್ಲಿ ರೆಕಾರ್ಡ್ ಮಾಡಿಕೊಂಡ ಡೊಳ್ಳು. ಆ ಡೊಳ್ಳಿನವರನ್ನ ಆಮೇಲೆ ಒಂದು ದಿನ ಮನೆಗೇ ಕರೆಸಿ, ಮೈಕ್ ಇಟ್ಟು ಮತ್ತೆ ನುಡಿಸಿದ್ದೂ ಆಗಿದೆ. ಈಗ ಅವನ ಪ್ರಶ್ನೆ:

"ಕವರ್ ಮ್ಯಾಲೆ ನನ್ನ ಹೆಸರು ಅಷ್ಟ ಇರ್ಲಿ. ಅವರ್ದು ಕೆಳಗ ಥ್ಯಾಂಕ್ಸ್ ಲಿಸ್ಟಿನ್ಯಾಗ ಹಾಕಿದ್ರ ಸಾಕಲ್ಲಲೇ? ರೊಕ್ಕ ಕೊಟ್ಟೀನಲ್ಲ."

ಫೋನಲ್ಲಿ ಇದಕ್ಕೆ ಉತ್ತರ ಹೇಳೋದು ಕಷ್ಟ. ಬರೆದೇ ಹೇಳ್ತೀನಿ.

ಡಿಸಿಡೆಂಟನ್‌ಗೆ ಹತ್ತು ವರ್ಷ ಹಿಂದಕ್ಕೆ ಹೋಗೋಣ. 1971ರ ಡಿಸೆಂಬರ್, ಜರ್ಮನಿಯ ಹ್ಯಾಂಬರ್ಗ್. ಮಿಖಾಯೆಲ್ ರೋಟರ್ ಮತ್ತು ಕ್ಲೌಸ್ ಡಿಂಗರ್ ಅನ್ನೋ ಇಬ್ಬರು ಹುಡುಗರು. ಕ್ರಾಫ್ಟ್‌ವೆರ್ಕ್ ಬ್ಯಾಂಡಿನಲ್ಲಿ ಕೆಲವು ತಿಂಗಳು ನುಡಿಸಿ, ಬಿಟ್ಟು ಬಂದಿದ್ದರು. ಹೊಸ ಬ್ಯಾಂಡಿಗೆ 'ನೋಯ್!' ಅಂತ ಹೆಸರಿಟ್ಟರು. ಅರ್ಥ 'ಹೊಸದು!'. ಸೋಪಿನ ಪ್ಯಾಕೆಟ್ ಮೇಲೆ ಇರುತ್ತಲ್ಲ, ಆಶ್ಚರ್ಯಸೂಚಕ ಚಿಹ್ನೆ ಸಮೇತ, ಅದೇ. ಸ್ಟುಡಿಯೋ ಸಿಕ್ಕಿದ್ದು ಬರೀ ನಾಲ್ಕು ರಾತ್ರಿಗೆ. ಜೊತೆಗಿದ್ದವರು ಕಾನಿ ಪ್ಲಾಂಕ್ ಅನ್ನೋ ಸೌಂಡ್ ಎಂಜಿನಿಯರ್.

ನಾಲ್ಕರಲ್ಲಿ ಮೊದಲ ಎರಡು ದಿನ ಪೂರ್ತಿ ವ್ಯರ್ಥ. ಏನೂ ಕೂಡಿ ಬರಲಿಲ್ಲ. ಸ್ಪ್ರಿಂಟ್ ಅರ್ಧ ಮುಗಿದರೂ ಬೋರ್ಡ್ ಮೇಲೆ ಒಂದು ಟಿಕೆಟ್ಟೂ ಅಲ್ಲಾಡದ ಸ್ಥಿತಿ ಇರುತ್ತಲ್ಲ, ಹಾಗೆ. ಆಗ ಡಿಂಗರ್ ಒಂದು 'ಜಪಾನಿ ಬ್ಯಾಂಜೋ' ತಂದ. ಅದರ ಸದ್ದನ್ನ ಯಂತ್ರಗಳ ಮೂಲಕ ಹಾಯಿಸಿ, ತಿರುಚಿ, ಗುರುತೇ ಸಿಗದ ಹಾಗೆ ಮಾಡಿದರು. ಆಲ್ಬಮ್ಮಿನಲ್ಲಿ ಮೊದಲು ರೆಕಾರ್ಡ್ ಆದ 'ನೆಗಟಿವ್‌ಲಾಂಡ್' ಹುಟ್ಟಿದ್ದು ಹಾಗೆ. ಉಳಿದದ್ದು ಮಿಕ್ಕ ಎರಡು ರಾತ್ರಿಯಲ್ಲಿ.

ಈ ಜಪಾನಿ ಬ್ಯಾಂಜೋ ನಮಗೆ ಪರಕೀಯ ಏನಲ್ಲ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ವಾದ್ಯ. ಟೈಪ್‌ರೈಟರಿನ ಹಾಗೆ ಕೀಲಿ, ಕೆಳಗೆ ತಂತಿ. ಅದೇ ಭಾರತಕ್ಕೆ ಬಂದು 'ಬುಲ್‌ಬುಲ್ ತರಂಗ್' ಆಯ್ತು. ನಿಮ್ಮ ಅಜ್ಜನ ಮನೆ ಅಟ್ಟದ ಮೇಲೆ ಒಂದು ಇದ್ದರೂ ಇರಬಹುದು, ನೋಡಿ.

'ನೋಯ್!' ಆಲ್ಬಮ್ಮಿನ ಮೊದಲ ಹಾಡು 'ಹಾಲೋಗಾಲೋ' ಹತ್ತು ನಿಮಿಷ ಇದೆ. ಡ್ರಮ್ಸ್ ಒಂದೇ ಸಮನೆ ಹೋಗುತ್ತೆ. ಪಲ್ಲವಿ ಇಲ್ಲ, ಚರಣ ಇಲ್ಲ, ಈಗ ಏನೋ ಆಗುತ್ತೆ ಅಂತ ಕಾಯೋ ಜಾಗವೂ ಇಲ್ಲ. ಹೊಸಪೇಟೆ ಬಿಟ್ಟ ಮೇಲೆ ಚಿತ್ರದುರ್ಗದ ಕಡೆ ಹೈವೇಯಲ್ಲಿ ಕಾರಿನ ಗಾಜು ಏರಿಸಿ ಕೇಳಿ, ಗೊತ್ತಾಗುತ್ತೆ. ಜನ ಈ ತಾಳಕ್ಕೆ 'ಮೊಟೊರಿಕ್' ಅಂತ ಹೆಸರಿಟ್ಟರು. ಡಿಂಗರ್‌ಗೆ ಆ ಹೆಸರು ಇಷ್ಟ ಇರಲಿಲ್ಲ; ಅವನ ಪ್ರಕಾರ ಅದು ಒಂದು ಉದ್ದದ ನೇರ ದಾರಿ ಅಷ್ಟೆ. ರೋಟರ್ ಚಿಕ್ಕವನಿದ್ದಾಗ ಮೂರು ವರ್ಷ ಕರಾಚಿಯಲ್ಲಿ ಇದ್ದವನು. ಅಲ್ಲಿ ಕೇಳಿದ, ಶುರು-ಕೊನೆ ಗೊತ್ತಾಗದ ಸಂಗೀತ ತನ್ನೊಳಗೆ ಉಳಿದುಬಿಟ್ಟಿತು ಅಂತ ಮುಂದೆ ಹೇಳಿಕೊಂಡಿದ್ದಾನೆ.

ಒಂದು ವಿಷಯ ಗಮನಿಸಿ. ಆ ಕಾಲದ ಜರ್ಮನ್ ಹುಡುಗರು ಹುಡುಕ್ತಾ ಇದ್ದದ್ದು ಮುಗಿಯದ ತಾಳವನ್ನ. ಅಮೆರಿಕನ್ ರಾಕ್ ನಕಲು ಮಾಡೋದು ಬೇಡ ಅನಿಸಿತ್ತು. ಅಪ್ಪಂದಿರ ಕಾಲದ ಸಂಗೀತ ಯುದ್ಧದ ನೆನಪು ಹೊತ್ತಿತ್ತು, ಅದೂ ಬೇಡ. ಸೊನ್ನೆಯಿಂದ ಶುರು ಮಾಡಬೇಕಿತ್ತು. ಕೆಲವರು ಅದನ್ನ ಸ್ಟುಡಿಯೋದ ಯಂತ್ರಗಳಲ್ಲಿ ಹುಡುಕಿದರು. ಇನ್ನು ಕೆಲವರು ಬಸ್ ಹತ್ತಿದರು.

ಬಸ್ ಹತ್ತಿದವರು ಮ್ಯೂನಿಕ್‌ನ 'ಎಂಬ್ರಿಯೋ' ಬ್ಯಾಂಡಿನವರು. ಕ್ರಿಸ್ಟಿಯಾನ್ ಬುರ್ಖಾರ್ಡ್ ಅದರ ನಾಯಕ. 1978-79ರಲ್ಲಿ ಇಡೀ ಬ್ಯಾಂಡು, ವಾದ್ಯ, ಸಂಸಾರ ಸಮೇತ ರಸ್ತೆ ಮೇಲೆ ಹೊರಟಿತು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ. ಇರಾನ್‌ನಲ್ಲಿ ಕ್ರಾಂತಿ ನಡೀತಿದ್ದ ಕಾಲ ಅದು ಅನ್ನೋದು ನೆನಪಿರಲಿ. ಈ ಪ್ರಯಾಣದ ಮೇಲೆ ವೆರ್ನರ್ ಪೆಂಝೆಲ್ 'ವಾಗಾಬುಂಡನ್ ಕರವಾನೆ' ಅಂತ ಸಾಕ್ಷ್ಯಚಿತ್ರ ಮಾಡಿದ್ದಾರೆ. ಸಿಕ್ಕರೆ ನೋಡಿ, ಇವತ್ತಿನ ಟ್ರಾವೆಲ್ ವ್ಲಾಗ್‌ಗಳೆಲ್ಲ ಸಪ್ಪೆ ಅನಿಸುತ್ತೆ.

ಈ ಜನ ಬೆಂಗಳೂರಲ್ಲಿ ಜೊತೆಯಾಗಿದ್ದು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬಳಗದ ಜೊತೆ. ಹೆಸರು ಕೇಳಿ ದೊಡ್ಡ ಕ್ಯಾಂಪಸ್, ಸೆಮಿಸ್ಟರ್ ಅಂತೆಲ್ಲ ಕಲ್ಪನೆ ಮಾಡ್ಕೋಬೇಡಿ. ಲಯವಾದ್ಯ ಕಲಿಸೋ ಸಂಗೀತಶಾಲೆ ಅದು. ಮೃದಂಗದ ಟಿ.ಎ.ಎಸ್. ಮಣಿ, ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ, ಘಟ ಮತ್ತು ಮೋರ್ಸಿಂಗಿನ ಆರ್.ಎ. ರಾಜಗೋಪಾಲ್, ಖಂಜಿರದ ಟಿ.ಎನ್. ಶಶಿಕುಮಾರ್ ಆ ಬಳಗದವರು. 'ಹ್ಯೂಮನ್ ಬಾಂಡೇಜ್' ರಾಕ್ ಬ್ಯಾಂಡಿನ ಡ್ರಮ್ಮರ್ ರಮೇಶ್ ಶೋಥಮ್ ಕೂಡ ಇಲ್ಲೇ ಕಲಿತು, ಮುಂದೆ ಜರ್ಮನಿಯ ಕಲೋನ್‌ನಲ್ಲಿ ನೆಲೆಸಿದರು. ಎಂಬ್ರಿಯೋ ಬ್ಯಾಂಡ್ ಊರಿಗೆ ಮರಳಿ ತಂದ 'ಎಂಬ್ರಿಯೋಸ್ ರೈಸೆ' ಅನ್ನೋ ಜೋಡಿ ಎಲ್‌ಪಿಯಲ್ಲಿ ಬೆಂಗಳೂರಿನ ಈ ಬಳಗವೂ ಇದೆ.

ಆಮೇಲೆ ಎಂಬ್ರಿಯೋದಿಂದ ಬೇರೆಯಾದ ಊವೆ ಮ್ಯೂಲ್‌ರಿಶ್, ಫ್ರೀಡೋ ಯೋಶ್, ಇವರ ಜೊತೆ ಡ್ರಮ್ಮರ್ ಮಾರ್ಲಾನ್ ಕ್ಲೈನ್ ಸೇರಿ 1981ರಲ್ಲಿ ಡಿಸಿಡೆಂಟನ್ ಕಟ್ಟಿದರು. ಹೆಸರಿನ ಅರ್ಥವೇ 'ಭಿನ್ನಮತೀಯರು'. ಮೊದಲ ಆಲ್ಬಮ್ಮಿಗೆ ಅವರು ಮಣಿ-ರಮಾಮಣಿ ಬಳಗದ ಜೊತೆಗೇ ಕೂತರು.

ಸರಿ, ಇವರಿಬ್ಬರೂ ಒಟ್ಟಿಗೆ ನುಡಿಸೋದು ಅಂದ್ರೆ ಏನು? ಇಲ್ಲಿ ಸ್ವಲ್ಪ ಲೆಕ್ಕ ಇದೆ. ಲೆಕ್ಕ ಅಂದ ಕೂಡಲೇ ಸ್ಕ್ರಾಲ್ ಮಾಡಬೇಡಿ.

ರಾಕ್ ಡ್ರಮ್ಮರ್ ಎಣಿಸೋದು ನಾಲ್ಕು. ಡ್ರಮ್ ಮಷಿನ್‌ನಲ್ಲಿ ಸಾಮಾನ್ಯವಾಗಿ ಹದಿನಾರು ಮನೆ, ಅಂದ್ರೆ ನಾಲ್ಕು ನಾಲ್ಕಲ ಹದಿನಾರು. ನಮ್ಮ ಮಿಶ್ರಛಾಪು ತಾಳದಲ್ಲಿ ಏಳು: ತಕಿಟ ತಕಧಿಮಿ. ಒಬ್ಬ ನಾಲ್ಕು ಎಣಿಸ್ತಾ, ಇನ್ನೊಬ್ಬ ಏಳು ಎಣಿಸ್ತಾ ಒಟ್ಟಿಗೆ ಶುರು ಮಾಡಿದರೆ ಮತ್ತೆ ಒಂದೇ ಜಾಗದಲ್ಲಿ ಸೇರೋದು ಇಪ್ಪತ್ತೆಂಟು ಮಾತ್ರೆ ಆದ ಮೇಲೆ. ಹೈಸ್ಕೂಲಿನ ಲ.ಸಾ.ಅ. ನೆನಪಾಯ್ತಾ? ಅಷ್ಟರತನಕ ಇಬ್ಬರೂ ದಾರಿ ತಪ್ಪಿದ ಹಾಗೆ ಕೇಳುತ್ತೆ. ಇಪ್ಪತ್ತೆಂಟು ಮುಗಿದು ಮುಂದಿನ ಪೆಟ್ಟು ಬಿದ್ದಾಗ 'ಅರೇ!' ಅನಿಸುತ್ತೆ.

ಇನ್ನೊಂದು ನೋಡಿ. ಹದಿನಾರು ಮಾತ್ರೆಯ ಒಂದು ಆವರ್ತ ಇದೆ ಅಂತ ಇಟ್ಕೊಳ್ಳಿ. ಮೊದಲ ಮಾತ್ರೆ ಬಿಟ್ಟು, ಎರಡನೇದರಿಂದ 'ತದಿಗಿಣತೊಂ' ಅಂತ ಮೂರು ಸಲ ಹೇಳಿ. ಐದು ಮೂರಲ ಹದಿನೈದು. ಬಿಟ್ಟದ್ದು ಒಂದು. ಹದಿನಾರಕ್ಕೆ ಸರಿಯಾಗಿ ಮುಗೀತು, ಮುಂದಿನ ಪೆಟ್ಟು ಸಮದ ಮೇಲೆ! ಈ ಥರ ಮೂರು ಸಲ ಹೇಳಿ ಮುಗಿಸೋದಕ್ಕೆ ಮುಕ್ತಾಯ ಅಂತಾರೆ. ವಾದ್ಯ ಮುಟ್ಟದೆ ಬಾಯಲ್ಲೇ ಹೇಳಿದರೆ ಕೊನ್ನಕೋಲು. ಆಫೀಸಿನ ಕ್ಯಾಬಲ್ಲಿ ಕೂತು ಬೆರಳಲ್ಲಿ ಪ್ರಯತ್ನ ಮಾಡಿ, ಪಕ್ಕದವರು ನೋಡಿದರೆ ನೋಡ್ಲಿ.

ನೋಯ್! ಕಂಡುಕೊಂಡದ್ದು ಗೆರೆ. ಮಣಿಯವರ ಬಳಗದ ಹತ್ತಿರ ಇದ್ದದ್ದು ಚಕ್ರ. ಎರಡೂ ಮುಗಿಯಲ್ಲ. ಆದರೆ ಗೆರೆಯನ್ನ ಒಬ್ಬ ಡ್ರಮ್ಮರ್ ನಾಲ್ಕು ರಾತ್ರಿಯಲ್ಲಿ ಕಂಡುಕೊಳ್ಳಬಹುದು. ಚಕ್ರ ಹಾಗಲ್ಲ, ಗುರುವಿನ ಎದುರು ವರ್ಷಗಟ್ಟಲೆ ಕೂತು ಕೈಗೆ ಬರಬೇಕು. ಡಿಸಿಡೆಂಟನ್ ಅದನ್ನ ಟೇಪಲ್ಲಿ ಕತ್ತರಿಸಿಕೊಂಡು ಹೋಗಿ ಊರಲ್ಲಿ ಕೂತು ಅಂಟಿಸಬಹುದಿತ್ತು. ತಂತ್ರಜ್ಞಾನ ಆಗಲೇ ಇತ್ತು. ಹಾಗೆ ಮಾಡದೆ, ನುಡಿಸುವವರನ್ನೇ ಪಾಲುದಾರರನ್ನಾಗಿ ಮಾಡಿಕೊಂಡರು. 1984ರಲ್ಲಿ ಮೊರಾಕೋದ 'ಲೆಮ್ ಶಾಹೆಬ್' ತಂಡದ ಜೊತೆ 'ಸಹಾರಾ ಎಲೆಕ್ಟ್ರಿಕ್' ಮಾಡಿದಾಗಲೂ ಅದೇ ದಾರಿ. ಆ ಆಲ್ಬಮ್ ಯುರೋಪಿನಲ್ಲಿ ಅವರಿಗೆ ದೊಡ್ಡ ಹೆಸರು ತಂದಿತು.

ಕಾಲೇಜಿನ ಬಳಗಕ್ಕೂ ಇದು ಒಂದೇ ಆಲ್ಬಮ್ಮಿಗೆ ನಿಲ್ಲಲಿಲ್ಲ. ಎಂಬ್ರಿಯೋ ಜೊತೆ ನುಡಿಸಿದ್ದ, ದಕ್ಷಿಣ ಭಾರತದಲ್ಲಿ ನಾಗಸ್ವರ ಕಲಿತಿದ್ದ ಅಮೆರಿಕನ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ, ಇವರ ಜೊತೆ 1983ರ ಫೆಬ್ರುವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನಲ್ಲಿ 'ಜ್ಯೋತಿ' ರೆಕಾರ್ಡ್ ಮಾಡಿದರು. ಹೊರತಂದದ್ದು ಜಾಝ್ ಲೋಕದ ಹೆಸರಾಂತ ಇಸಿಎಂ ಕಂಪನಿ. ಅದರ ಮೇಲೆ ಮರಿಯಾನೋ ಹೆಸರು, ಕಾಲೇಜಿನ ಹೆಸರು, ರಮಾಮಣಿಯವರ ಹೆಸರು ಬೇರೆಯಾಗಿ, ಮೂರೂ ಇವೆ. ಎರಡರಲ್ಲಿ ನನಗೆ ಇಷ್ಟ ಆಗೋದು 'ಜ್ಯೋತಿ'ಯೇ, ಸುಳ್ಳು ಯಾಕೆ ಹೇಳಲಿ. ರಮಾಮಣಿಯವರ ಧ್ವನಿಗೆ ಅಲ್ಲಿ ಜಾಗ ಇದೆ, ಉಸಿರಾಡೋಕೆ ಬಿಟ್ಟಿದ್ದಾರೆ. 'ಜರ್ಮನಿಸ್ತಾನ್' ಇನ್ನೂ ಇಬ್ಬರು ಹೊಸಬರು ಕೈಕುಲುಕಿದ ಹಾಗಿದೆ. ಆದರೆ ಮೊದಲ ಕೈಕುಲುಕು ಇಲ್ಲದೆ ಎರಡನೇದು ಹೇಗೆ ಬರುತ್ತೆ?

ಈಗ ಗೆಳೆಯನ ಪ್ರಶ್ನೆಗೆ. ಮಷಿನ್ ಸದ್ದು, ಮಿಲ್ಲಿನ ಸದ್ದು ನಿನ್ನದೇ ಇಟ್ಕೋ. ನೋಯ್! ಕೂಡ 'ಇಮ್ ಗ್ಲ್ಯುಕ್' ಹಾಡಲ್ಲಿ ದೋಣಿ ವಿಹಾರದ ರೆಕಾರ್ಡಿಂಗ್ ಬಳಸಿಕೊಂಡಿದೆ, ನೀರಿಗೆ ಯಾರೂ ಕ್ರೆಡಿಟ್ ಕೊಡಲ್ಲ. ಡೊಳ್ಳು ಹಾಗಲ್ಲ. ಅದು ಇಂಥವರ ಕೈ. ಕಾನೂನೂ ಹಾಗೇ ಹೇಳುತ್ತೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಗಟ್ಟಿಯಾಯ್ತು, 2012ರಲ್ಲಿ 38-ಬಿ ಅನ್ನೋ ಕಲಮು ಬಂತು. ನುಡಿಸಿದವರಿಗೆ ತಾವೇ ನುಡಿಸಿದ್ದು ಅಂತ ಗುರುತಿಸಿಕೊಳ್ಳೋ ಹಕ್ಕು ಅದರಲ್ಲಿದೆ. ಹಕ್ಕಿನ ಅವಧಿ 50 ವರ್ಷ. ಪ್ರದರ್ಶಕ ಅಂದ್ರೆ ಯಾರು ಅನ್ನೋ ಪಟ್ಟಿಯಲ್ಲಿ ಹಾಡುವವರು, ಕುಣಿಯುವವರ ಜೊತೆ ಹಾವಾಡಿಗರೂ ಇದ್ದಾರೆ, ಡೊಳ್ಳಿನವರು ಇರಲ್ವಾ?

"ರೊಕ್ಕ ಕೊಟ್ಟೀನಲ್ಲ" ಅಂದ್ಯಲ್ಲ, ಅದು ಆ ದಿನದ ಕೂಲಿ. ಹಾಡು ನಿನ್ನ ಫೋನಲ್ಲಿ, ಇನ್ಯಾರದೋ ಫೋನಲ್ಲಿ ವರ್ಷಗಟ್ಟಲೆ ಓಡ್ತಾ ಇರುತ್ತೆ. ನಾವು ಕಂಪನಿಯಲ್ಲಿ ಬೇರೆಯವರ ಓಪನ್ ಸೋರ್ಸ್ ಕೋಡ್ ನಾಲ್ಕು ಸಾಲು ತಗೊಂಡರೂ ಲೈಸೆನ್ಸ್ ಫೈಲಲ್ಲಿ ಅವರ ಹೆಸರು ಇಡ್ತೀವಿ. ಯಾರೂ ಓದಲ್ಲ ಅಂತ ಗೊತ್ತಿದ್ದೂ ಇಡ್ತೀವಿ. ಡೊಳ್ಳು ಬಂದ್ರೆ ಮಾತ್ರ 'ಥ್ಯಾಂಕ್ಸ್ ಟು ಫೋಕ್ ಆರ್ಟಿಸ್ಟ್ಸ್ ಆಫ್ ಕುರುಗೋಡು' ಅನ್ನೋ ಗೋಣಿಚೀಲ ಯಾಕೆ?

ಹಾಡು ಅಪ್‌ಲೋಡ್ ಮಾಡೋ ಫಾರ್ಮಲ್ಲಿ 'ಪ್ರೈಮರಿ ಆರ್ಟಿಸ್ಟ್' ಅನ್ನೋ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಹಾಕಬಹುದು. ಬರೋ ದುಡ್ಡನ್ನ ಶೇಕಡಾವಾರು ಹಂಚೋ ಅನುಕೂಲವೂ ಹಲವು ಕಡೆ ಇದೆ. ಡೊಳ್ಳು ಇರೋ ಹಾಡುಗಳಿಗೆ ಅವರ ತಂಡದ ಹೆಸರು ನಿನ್ನ ಹೆಸರಿನ ಪಕ್ಕದಲ್ಲಿ, ಅದೇ ಅಕ್ಷರದ ಸೈಜಲ್ಲಿ ಬರಲಿ. ಹೆಸರು ಹೇಗೆ ಬರೀಬೇಕು ಅಂತ ಅವರನ್ನೇ ಕೇಳು, ನೀನೇ ಇಂಗ್ಲಿಷ್ ಸ್ಪೆಲಿಂಗ್ ಕಟ್ಟಬೇಡ. ಮಿಕ್ಸ್ ಮುಗಿದ ಮೇಲೆ ಕುರುಗೋಡಿಗೆ ಹೋಗಿ ಅವರಿಗೆ ಒಮ್ಮೆ ಕೇಳಿಸು. ಮೂರನೇ ಹಾಡಲ್ಲಿ ನೀನು ಅವರ ಪೆಟ್ಟುಗಳನ್ನ ಕತ್ತರಿಸಿ ನಿನ್ನ ಹದಿನಾರು ಮನೆಗೆ ಕೂರಿಸಿದ್ದೀಯಲ್ಲ, ಅದನ್ನ ಕೇಳಿ ಅವರು ಏನಂತಾರೋ ನನಗೂ ಕುತೂಹಲ ಇದೆ. ಹೋಗೋ ದಿನ ಹೇಳು, ಬಳ್ಳಾರಿಯಿಂದ ನಾನೂ ಬರ್ತೀನಿ.