ಕಡಲು ಕದಡದಂತೆ ಕಟ್ಟಬೇಕು

ಮುಂಬಯಿಯ ಹಾಜಿ ಅಲಿ ಮತ್ತು ವರ್ಲಿಯ ಬಂಡೆಗಳ ಮೇಲೆ ಹವಳ ಜೀವಿಸುತ್ತದೆಂಬುದು ನಗರವಾಸಿಗಳಲ್ಲಿ ಅನೇಕರಿಗೆ ತಿಳಿದುದು ಕರಾವಳಿ ರಸ್ತೆಯ ಕಾಮಗಾರಿ ಆರಂಭವಾದ ಮೇಲೆಯೇ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯಂತೆ ಹವಳಕ್ಕೂ ಸ್ಥಾನವುಂಟು. ಆದುದರಿಂದ 2020ರ ನವೆಂಬರಿನಲ್ಲಿ ರಸ್ತೆಗೆ ಅಡ್ಡಬಂದ ಹವಳಗಳನ್ನು ಬೇರೆಡೆಗೆ ಸಾಗಿಸಲಾಯಿತು. ಆದರೆ ಕೆಲವು ಹವಳಗಳನ್ನು ಸಾಗಿಸಬಹುದೇ ಹೊರತು ಇಡೀ ಹವಳದ ದಿಬ್ಬವನ್ನು ಸಾಗಿಸಲಾಗದು. ಅಲ್ಲಿ ಕಾಯಬೇಕಾದುದು ನೀರನ್ನು.

ಹವಳವು ಒಂದು ಪ್ರಾಣಿ. ಅದರ ದೇಹದೊಳಗೆ ನೆಲೆಸಿದ ಸೂಕ್ಷ್ಮ ಪಾಚಿಯು ಬಿಸಿಲಿನ ಬಲದಿಂದ ಆಹಾರ ತಯಾರಿಸಿ ಅದನ್ನು ಪೋಷಿಸುತ್ತದೆ. ಹೂಳೆತ್ತುವಾಗಲೂ ಮಣ್ಣು ತುಂಬುವಾಗಲೂ ಏಳುವ ನುಣುಪು ಕಣಗಳು ಮೊದಲು ಬೆಳಕನ್ನು ತಡೆಯುತ್ತವೆ. ಅನಂತರ ತಳಕ್ಕಿಳಿದು ಹವಳವನ್ನೇ ಮುಚ್ಚುತ್ತವೆ. ಲೋಳೆ ಸುರಿಸಿ ಹೂಳನ್ನು ಕಳೆದುಕೊಳ್ಳುವ ಶಕ್ತಿ ಅದಕ್ಕಿದೆಯಾದರೂ ದಿನವೂ ಹೂಳು ಬಿದ್ದರೆ ಆ ಶಕ್ತಿ ಕುಂದುತ್ತದೆ.

ಅಮೆರಿಕದ ಮಯಾಮಿ ಬಂದರಿನ ಕಾಲುವೆಯನ್ನು 2013ರಿಂದ 2015ರವರೆಗೆ ಆಳಗೊಳಿಸಲಾಯಿತು. ಕಾಲುವೆಯಿಂದ ಅರ್ಧ ಕಿಲೋಮೀಟರಿನೊಳಗೆ ಐದು ಲಕ್ಷಕ್ಕೂ ಹೆಚ್ಚು ಹವಳಗಳು ಸತ್ತುವೆಂದು 2019ರ ಅಧ್ಯಯನವೊಂದು ಅಂದಾಜು ಮಾಡಿತು.

ಉಪಾಯಗಳಿಲ್ಲದಿಲ್ಲ. ಸುತ್ತಲೂ ಕಲ್ಲಿನ ಒಡ್ಡು ಕಟ್ಟಿದ ಮೇಲೆಯೇ ಮಣ್ಣು ತುಂಬಬಹುದು. ಹೊರಬರುವ ನೀರನ್ನು ತಿಳಿಗೊಳಿಸಿ ಬಿಡಬಹುದು. ಹೂಳೆತ್ತುವ ಹಡಗಿನಿಂದ ಉಕ್ಕಿ ಚೆಲ್ಲುವ ರಾಡಿಗೆ ಮಿತಿ ಹಾಕಬಹುದು. ಹವಳವು ಮೊಟ್ಟೆಯಿಡುವ ದಿನಗಳಲ್ಲಿ ಕೆಲಸ ತಡೆಯಬಹುದು. ಹೂಳು ತಡೆಯುವ ಪರದೆ ಶಾಂತ ನೀರಿನಲ್ಲಿ ಉಪಯುಕ್ತ. ಅಲೆ, ಸೆಳೆತ ಬಲವಾಗಿರುವಲ್ಲಿ ಅದೊಂದನ್ನೇ ನಂಬುವಂತಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು ಕೆಲಸವನ್ನು ನಿಲ್ಲಿಸುವ ಅಧಿಕಾರ. ಕಾಮಗಾರಿಗೆ ಮುನ್ನವೇ ಎಲ್ಲ ಋತುಗಳಲ್ಲೂ ನೀರಿನ ಕದಡನ್ನು ಅಳೆದು, ಆಯಾ ಸ್ಥಳಕ್ಕೆ ತಕ್ಕ ಮಿತಿಯನ್ನು ಗೊತ್ತುಪಡಿಸಬೇಕು. ಮಿತಿ ಮೀರಿದೊಡನೆ ಯಂತ್ರಗಳು ನಿಲ್ಲಬೇಕು. ಅಳೆಯುವವರು ಗುತ್ತಿಗೆದಾರನ ಅಧೀನರಾಗಿರಬಾರದು.

ಮುಂಬಯಿಯ ಕಡಲು ಮೊದಲೇ ರಾಡಿಯಾಗಿರುವುದರಿಂದ ಇಷ್ಟು ಎಚ್ಚರ ಅನಾವಶ್ಯಕವೆಂದು ವಾದಿಸುವವರುಂಟು. ಕಡಿಮೆ ಬೆಳಕಿನಲ್ಲಿ ಕಷ್ಟದಿಂದ ಬದುಕುತ್ತಿರುವ ಜೀವಕ್ಕೆ ಇನ್ನಷ್ಟು ಕತ್ತಲೆಯನ್ನು ತಾಳುವ ಬಲವೆಲ್ಲಿ? ಯಂತ್ರ ನಿಂತರೆ ನಷ್ಟವೆಂಬ ಮಾತು ನಿಜ. ಆದರೆ ನಿಲ್ಲಿಸುವ ಷರತ್ತು ಟೆಂಡರಿನಲ್ಲಿಯೇ ಇದ್ದರೆ, ಗುತ್ತಿಗೆದಾರನು ಆ ವೆಚ್ಚವನ್ನು ಲೆಕ್ಕಕ್ಕೆ ಸೇರಿಸಿಯೇ ದರ ನಮೂದಿಸುತ್ತಾನೆ. ಸತ್ತ ಹವಳದ ಬೆಲೆಯನ್ನಾದರೋ ಯಾವ ಲೆಕ್ಕಪುಸ್ತಕದಲ್ಲಿಯೂ ಬರೆಯುವುದಿಲ್ಲ.

ಮುಂಬಯಿಯ ಕನ್ನಡಿಗರಲ್ಲಿ ಬಹುಮಂದಿ ಕರಾವಳಿಯ ಮೂಲದವರು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಊರಿನ ಕಡಲಿರಲಿ, ನೆಲೆನಿಂತ ನಗರದ ಕಡಲಿರಲಿ, ಹೊಸ ಯೋಜನೆಯ ಸಾರ್ವಜನಿಕ ಅಹವಾಲು ನಡೆದಾಗ ಅವರು ಮೂರು ಪ್ರಶ್ನೆಗಳನ್ನು ಕೇಳಲೇಬೇಕು: ಕದಡಿನ ಮಿತಿ ಎಷ್ಟು? ಅಳೆಯುವವರು ಯಾರು? ಕೆಲಸ ನಿಲ್ಲಿಸುವವರು ಯಾರು?