ದುರಸ್ತಿಯ ವಿದ್ಯೆ

ಕೆಟ್ಟ ಯಂತ್ರವನ್ನು ಎಸೆದು ಹೊಸದನ್ನು ಕೊಳ್ಳಿರೆಂಬ ಉಪದೇಶವು ಈಗ ಸರ್ವತ್ರ ಕೇಳಿಬರುತ್ತಿದೆ. ಯಂತ್ರಕ್ಕೆ ಬದಲು ಯಂತ್ರವು ದೊರೆಯುವುದು ನಿಜ. ಆದರೆ ಅದರೊಳಗಿದ್ದ ಲೆಕ್ಕಪತ್ರಗಳಿಗೂ ಗತಿಸಿದವರ ಭಾವಚಿತ್ರಗಳಿಗೂ ಬದಲು ಯಾವ ಅಂಗಡಿಯಲ್ಲಿ ದೊರೆತೀತು?

ಈ ದುರಸ್ತಿಯ ವಿದ್ಯೆಯು ಎಷ್ಟರದೆಂಬುದಕ್ಕೆ ಒಂದು ನಿದರ್ಶನವು ಸಾಕು. 2003ನೆಯ ಇಸವಿ ಫೆಬ್ರವರಿ 1ರಂದು ಕೊಲಂಬಿಯಾ ಗಗನನೌಕೆಯು ಭೂಮಿಗೆ ಮರಳುವಾಗ ಛಿದ್ರವಾಗಿ, ಕರ್ನಾಲಿನಲ್ಲಿ ಜನಿಸಿದ ಕಲ್ಪನಾ ಚಾವ್ಲಾ ಸಹಿತವಾಗಿ ಏಳು ಮಂದಿ ಮಡಿದರು. ಅವಶೇಷಗಳಲ್ಲಿ ಸುಟ್ಟು ಕರಕಾದ ಹಾರ್ಡ್ ಡಿಸ್ಕೊಂದು ದೊರೆಯಿತು. ಅದರಲ್ಲಿ ಜೆನಾನ್ ಅನಿಲವನ್ನು ಕುರಿತ ಪ್ರಯೋಗದ ಅಂಕಿಗಳಿದ್ದುವು. ಅಮೆರಿಕೆಯ ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯ ತಜ್ಞರು ಅದರ ತಟ್ಟೆಗಳನ್ನು ಬಿಡಿಸಿ, ಶುಚಿಗೊಳಿಸಿ, ಬೇರೊಂದು ಡಿಸ್ಕಿನೊಳಗೆ ಕೂರಿಸಿ, ನೂರಕ್ಕೆ 99ರಷ್ಟನ್ನು ಹೊರತೆಗೆದರು. 2008ರಲ್ಲಿ ಆ ಪ್ರಯೋಗದ ಫಲಿತಾಂಶವು ಪ್ರಕಟವಾಯಿತು.

ಇದು ತಿರುಪುಗಳನ್ನು ಬಿಚ್ಚಿ ಮುಚ್ಚುವಷ್ಟು ಸುಲಭದ ಕೆಲಸವಲ್ಲ. ಡಿಸ್ಕಿನ ಓದುವ ತಲೆಯು ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವುದರಿಂದ, ಧೂಳಿನ ಕಣವೊಂದು ಅದಕ್ಕೆ ಬೆಟ್ಟಕ್ಕೆ ಸಮಾನ. ಮೊಬೈಲಿನ ಕಷ್ಟವು ಬೇರೆ ಬಗೆಯದು. ಈಗಿನ ಫೋನುಗಳಲ್ಲಿ ಮಾಹಿತಿಯು ಗೂಢಲಿಪಿಯಲ್ಲಿದ್ದು, ಅದರ ಬೀಗದಕೈ ಆ ಫೋನಿನ ಪ್ರೊಸೆಸರಿಗೇ ಬದ್ಧವಾಗಿರುತ್ತದೆ. ಆದುದರಿಂದ ಮೆಮೊರಿ ಚಿಪ್ಪನ್ನು ಮಾತ್ರ ಕಿತ್ತರೆ ಪ್ರಯೋಜನವಿಲ್ಲ. ಸತ್ತ ಬೋರ್ಡನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು, ಬೆಸೆದು, ಕ್ಷಣಕಾಲವಾದರೂ ಎಬ್ಬಿಸಬೇಕು. ದೋಷವೆಲ್ಲಿದೆಯೆಂದು ಹುಡುಕಲು ಬೋರ್ಡಿನ ನಕ್ಷೆ ಬೇಕು. ಅದನ್ನು ತಯಾರಕರು ಹೊರಗಿನ ಕುಶಲಿಗಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಇಲ್ಲಿಯೇ ನಮ್ಮ ಆಕ್ಷೇಪಣೆ. ಗುಟ್ಟು ಹೊರಬಿದ್ದರೆ ಕಳ್ಳರಿಗೆ ಅನುಕೂಲವೆಂದು ತಯಾರಕರು ವಾದಿಸುವರು. ಆದರೆ ಬೀಗದಕೈಯನ್ನು ನಾವು ಕೇಳುತ್ತಿಲ್ಲ. ಕೇಳುತ್ತಿರುವುದು ನಕ್ಷೆಯನ್ನೂ ಬಿಡಿಭಾಗಗಳನ್ನೂ ಮಾತ್ರ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯವರು 2022ರ ಜುಲೈ ತಿಂಗಳಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ಅದೇ ಡಿಸೆಂಬರಿನಲ್ಲಿ ಪೋರ್ಟಲೊಂದನ್ನು ತೆರೆದರು. ಯೂರೋಪ್ ಒಕ್ಕೂಟದವರಾದರೋ 2024ರಲ್ಲಿ ಶಾಸನವನ್ನೇ ಮಾಡಿದರು. ಕೇಳಿಕೊಳ್ಳುವ ಪೋರ್ಟಲಿಗೂ ವಿಧಿಸುವ ಶಾಸನಕ್ಕೂ ಇರುವ ಅಂತರವನ್ನು ಅಧಿಕಾರಿವರ್ಗದವರಿಗೆ ನಾವು ವಿವರಿಸಬೇಕಾಗಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಿರಿದಾದ ಅಂಗಡಿಗಳಲ್ಲಿ ಕೈಯ ಅಭ್ಯಾಸದಿಂದಲೇ ಈ ವಿದ್ಯೆಯನ್ನು ಸಾಧಿಸಿದವರಿದ್ದಾರೆ. ನಕ್ಷೆಯಿಲ್ಲದೆ ಇಷ್ಟನ್ನು ಮಾಡುವವರು ನಕ್ಷೆ ದೊರೆತರೆ ಇನ್ನೆಷ್ಟನ್ನು ಮಾಡಿಯಾರು! ಸರ್ಕಾರದವರು ಶಾಸನಕ್ಕೆ ಮನಸ್ಸು ಮಾಡಲಿ. ಅಲ್ಲಿಯವರೆಗೆ ವಾಚಕರು ಮುಖ್ಯವಾದ ಕಡತಗಳ ಪ್ರತಿಯೊಂದನ್ನು ಬೇರೆಡೆಯಲ್ಲಿ ಇಟ್ಟುಕೊಳ್ಳುವುದು ವಿವೇಕ.